ಹವಳ ನೋಡಲು ಹೊರಟವಳ ತಲೆಗೆ ಎಣ್ಣೆ

ಹುಡುಗಿ ನೀರಿಗೆ ಅಂಜಲಿಲ್ಲ. ಕೆಲಸ ಕೆಡಿಸಿದ್ದು ನಾನು ಹಚ್ಚಿದ ಕುಸುಬಿ ಎಣ್ಣೆ. ನಡೆದದ್ದು ಇಷ್ಟೇ.

ಊರಿನವರು ಬೇರೆ ಹೇಳುತ್ತಾರೆ. 'ನಿನ್ನ ಮೊಮ್ಮಗಳು ಕೊಳದಾಗ ಇಳದು, ನಡುಗಿ ಮ್ಯಾಲ ಬಂದಳಂತಲ್ಲ' ಎಂದು ಕಟ್ಟೆಯ ಮೇಲೆ ಕೂತವರು ಈಗಲೂ ಕೇಳುತ್ತಾರೆ. ಬಾಯಲ್ಲಿ ಹೇಳಿದರೆ ಯಾರೂ ಪೂರ್ತಿ ಕೇಳಿಸಿಕೊಳ್ಳುವುದಿಲ್ಲ, ಎಣ್ಣೆ ಎಂದ ಕೂಡಲೇ ನಗುತ್ತಾರೆ. ಅದಕ್ಕೇ ಬರೆಯುತ್ತಿದ್ದೇನೆ. ನಾನು ಕಲಿತದ್ದು ಮೂರನೆಯ ಇಯತ್ತೆಯ ತನಕ. ಒತ್ತಕ್ಷರ ತಪ್ಪಿದ್ದರೆ ಮೊಮ್ಮಗಳು ತಿದ್ದುತ್ತಾಳೆ. ಮಾತು ಮಾತ್ರ ತಿದ್ದಬೇಡ ಎಂದು ಹೇಳಿದ್ದೇನೆ.

ನಮ್ಮ ಊರು ಅಫಜಲಪುರ ತಾಲೂಕಿನಲ್ಲಿ, ಭೀಮಾ ನದಿಯ ದಂಡೆಗೆ. ಅವಳಿಗೆ ಹನ್ನೊಂದೋ ಹನ್ನೆರಡೋ ವರ್ಷ ಇದ್ದಾಗ ನೆರೆ ಬಂತು. ಮಗ, ಸೊಸೆ ಹೊಲದ ಕಡೆ ಸಿಕ್ಕಿಕೊಂಡಿದ್ದರು. ಮನೆಯಲ್ಲಿ ನಾನು ಮತ್ತು ಅವಳು. ನೀರು ಹೊಸ್ತಿಲು ದಾಟಿದಾಗ ಅವಳನ್ನು ಮಾಳಿಗೆಗೆ ಹತ್ತಿಸಿದೆ. ರೊಟ್ಟಿ ಬುಟ್ಟಿ ಹತ್ತಿಸಿದೆ, ರೇಶನ್ ಕಾರ್ಡು ಹತ್ತಿಸಿದೆ. ಅಂಗಳದಲ್ಲಿ ಕಟ್ಟಿದ್ದ ಕರುವಿನ ಹಗ್ಗ ಬಿಚ್ಚುವುದು ಮರೆತೆ. ನೆನಪಾದಾಗ ಅಂಗಳವೇ ಇರಲಿಲ್ಲ. ಕರು ಮೂಗು ಮೇಲೆತ್ತಿ, ಮೇಲೆತ್ತಿ ಒದ್ದಾಡಿದ್ದನ್ನು ಹುಡುಗಿ ಮಾಳಿಗೆಯ ಅಂಚಿನಲ್ಲಿ ಕೂತು ಕೊನೆಯ ತನಕ ನೋಡಿದಳು. ಅವಳ ಮುಖವನ್ನು ಆಚೆ ತಿರುಗಿಸಬೇಕೆಂದೂ ನನಗೆ ಹೊಳೆಯಲಿಲ್ಲ. ಮಧ್ಯಾಹ್ನ ದೋಣಿ ಬಂತು. ನಾವು ಬದುಕಿದೆವು.

ಆವತ್ತಿನಿಂದ ಅವಳು ಮುಖವನ್ನು ನೀರಿಗೆ ಕೊಡಲಿಲ್ಲ. ತಲೆ ಎರೆಯುವಾಗ ಕತ್ತು ಹಿಂದಕ್ಕೆ ಚೆಲ್ಲಿ ಆಕಾಶ ನೋಡುತ್ತ ಕೂರುತ್ತಿದ್ದಳು. ಹಣೆಯಿಂದ ಒಂದು ಹನಿ ಕೆಳಗಿಳಿದರೂ ನನ್ನ ಕೈಯ ತಂಬಿಗೆ ಕಸಿಯುತ್ತಿದ್ದಳು. ಮುಖ ತೊಳೆಯುವುದೆಂದರೆ ಒದ್ದೆ ಬಟ್ಟೆಯಲ್ಲಿ ಒರೆಸಿಕೊಳ್ಳುವುದು. ಇಪ್ಪತ್ತು ವರ್ಷದವಳಾದರೂ ಅದೇ.

ಅಂಥವಳು ಕಲಬುರಗಿಯ ಕಾಲೇಜಿನಲ್ಲಿ ಪ್ರಾಣಿಶಾಸ್ತ್ರ ಓದುತ್ತ ಕೊನೆಯ ವರ್ಷಕ್ಕೆ ಬಂದಳು. ಅಲ್ಲಿನ ಒಬ್ಬ ಮೇಡಂ ಚಳಿಗಾಲದಲ್ಲಿ ಮಕ್ಕಳನ್ನು ಮುರ್ಡೇಶ್ವರಕ್ಕೆ ಕರೆದುಕೊಂಡು ಹೋಗುತ್ತಾರೆ. ಅಲ್ಲಿಂದ ದೋಣಿಯಲ್ಲಿ ನೇತ್ರಾಣಿ ಎಂಬ ನಡುಗಡ್ಡೆಗೆ. ಚಳಿಗಾಲದಲ್ಲಿ ನೀರು ತಿಳಿಯಾಗಿರುತ್ತದಂತೆ, ಕೆಳಗಿನ ಹವಳ ಕಾಣುತ್ತದಂತೆ. ಕಣ್ಣು ಮೂಗು ಎರಡನ್ನೂ ಮುಚ್ಚುವ ಗಾಜಿನ ಮಾಸ್ಕು ಹಾಕಿಕೊಂಡು, ಹಲ್ಲಿನಲ್ಲಿ ಒಂದು ಕೊಳವೆ ಕಚ್ಚಿ, ಬೋರಲು ತೇಲುತ್ತ ಬಾಯಿಂದ ಉಸಿರಾಡಿಕೊಂಡು ಕೆಳಗೆ ನೋಡಬೇಕು. ಇದಕ್ಕೆ ಸ್ನಾರ್ಕೆಲಿಂಗ್ ಎಂದು ಹೆಸರು. ಮೇಡಂ ಕರಾರು ಒಂದೇ: ಕಲಬುರಗಿಯ ಈಜುಕೊಳದಲ್ಲಿ ಹತ್ತು ನಿಮಿಷ ಹೀಗೆ ತೇಲಿ ತೋರಿಸಿದವರು ಮಾತ್ರ ಬಸ್ಸು ಹತ್ತಬೇಕು. ದೋಣಿ ಚಿಕ್ಕದು, ಸುಮ್ಮನೆ ಕೂತು ನೋಡುವವರಿಗೆ ಅದರಲ್ಲಿ ಜಾಗವಿಲ್ಲ.

ಇವಳು ಯಾರನ್ನೂ ಕೇಳದೆ ಹೆಸರು ಕೊಟ್ಟು ಬಂದಳು. ನನ್ನ ಮಗ ನಕ್ಕುಬಿಟ್ಟ.

'ಒಂದ್ ತಂಬಗಿ ನೀರ್ ಸುರುವಿದ್ರ ಓಣಿ ತುಂಬ ಚೀರಾಕಿ, ಸಮುದ್ರದಾಗ ಮಕ್ಕೋತಾಳಂತ. ಪಾಸ್ ಆದ್ರ ಹೋಗವ್ವಾ, ನಾ ಬ್ಯಾಡ ಅನ್ನಂಗಿಲ್ಲ' ಎಂದ. ಪಾಸಾಗುವುದಿಲ್ಲ ಎಂಬ ಧೈರ್ಯದಿಂದ ಕೊಟ್ಟ ಒಪ್ಪಿಗೆ ಅದು.

ಅವಳು ಅಡುಗೆಮನೆಗೆ ಬಂದು ನನ್ನ ಮುಂದೆ ಕುಕ್ಕರುಗಾಲಲ್ಲಿ ಕೂತಳು. 'ಆಯಿ, ನಂಗ ಈಸಾಕ ಕಲ್ಸು.'

'ಯಾಕ್ ಬೇ? ಹವಳ ನೋಡ್ದಿದ್ರ ಊಟ ಹೋಗಂಗಿಲ್ಲೇನು?'

'ಹವಳಕ್ಕಷ್ಟೇ ಅಲ್ಲ. ಈ ಸಲ ಆಗ್ಲಿಲ್ಲಂದ್ರ ನಾ ಸಾಯುತನ ತಂಬಗಿ ನೀರಿಗೆ ಅಂಜ್ಕೋತನೇ ಇರ್ತೇನಿ. ನಂಗ ಗೊತ್ತದ.'

ರೊಟ್ಟಿ ತಟ್ಟುತ್ತಿದ್ದ ಕೈ ನಿಲ್ಲಿಸಿದೆ. ಕರುವಿನ ಮಾತು ನಾವಿಬ್ಬರೂ ಆವತ್ತಿನಿಂದ ಎತ್ತಿರಲಿಲ್ಲ. ಅವತ್ತೂ ಎತ್ತಲಿಲ್ಲ. ನನಗೆ ಈಸು ಬರುತ್ತದೆ. ತವರುಮನೆಯ ಬಾವಿಯಲ್ಲಿ ಸೋರೆಬುರುಡೆ ಬೆನ್ನಿಗೆ ಕಟ್ಟಿಕೊಂಡು ಕಲಿತವಳು ನಾನು, ಮದುವೆಯಾದ ಮೇಲೆ ಬಿಟ್ಟದ್ದು. 'ನಡಿ, ಮುತ್ಯಾನ ಬಾವಿಗೆ ಹೋಗೂಣು' ಎಂದೆ.

ಮುತ್ಯಾ ಎಂದರೆ ನನ್ನ ಅಣ್ಣ, ಆಳಂದ ತಾಲೂಕಿನ ಕಿಣ್ಣಿ ಸುಲ್ತಾನದವನು. ಎಪ್ಪತ್ತು ದಾಟಿದೆ, ಬಾಯಿ ಮಾತ್ರ ಇಪ್ಪತ್ತರದು. ಅವನ ಹೊಲದಲ್ಲಿ ಮೆಟ್ಟಿಲಿನ ಬಾವಿ ಇದೆ. ಕಾಲೇಜಿಗೆ ರಜೆ ಬಿದ್ದ ಮರುದಿನ ನಾವು ಅಲ್ಲಿಗೆ ಹೋದೆವು. ಕೈಯಲ್ಲಿ ಹತ್ತೊಂಬತ್ತು ದಿನ ಇದ್ದವು. ಅವಳ ಚೀಲದಲ್ಲಿ ಮೇಡಂ ಅಭ್ಯಾಸಕ್ಕೆಂದು ಕೊಟ್ಟ ಮಾಸ್ಕು ಮತ್ತು ಕೊಳವೆ, ನನ್ನ ಚೀಲದಲ್ಲಿ ಹಿರೋಳ್ಳಿಯ ಗಾಣದಲ್ಲಿ ತೆಗೆಸಿದ ಕುಸುಬಿ ಎಣ್ಣೆಯ ಬಾಟಲಿ.

ಬಸ್ಸಿನಲ್ಲಿ ಅವಳು ಹವಳ ಜೀವ ಇರುವ ಪ್ರಾಣಿ ಎಂದು ಹೇಳಿದಳು. ಸಾವಿರಾರು ಸಣ್ಣ ಪ್ರಾಣಿಗಳು ಒಂದಕ್ಕೊಂದು ಅಂಟಿಕೊಂಡು ಗೋಡೆ ಕಟ್ಟಿದ ಹಾಗೆ ಬೆಳೆಯುತ್ತವಂತೆ.

'ನನ್ನ ತಾಳ್ಯಾಗ ಎರಡ್ ಹವಳ ಇದ್ವಲ್ಲ ಬೇ?'

'ಅವು ಸತ್ತವು.'

'ಹಂಗಾರ ನಾ ಮೂವತ್ತ್ ವರ್ಷ ಹೆಣ ಕಟ್ಕೊಂಡ್ ತಿರಗೇನಿ ಅನ್ನು.'

ಅವಳು ನಕ್ಕಳು. ಆ ಇಪ್ಪತ್ತು ದಿನಗಳಲ್ಲಿ ಅವಳು ನಕ್ಕದ್ದು ಬಹುಶಃ ಅದೊಂದೇ ಸಲ.

ನಮ್ಮ ಕಡೆ ಚಳಿಗಾಲದ ಬೆಳಿಗ್ಗೆ ಬಾವಿಯ ನೀರು ಗಾಳಿಗಿಂತ ಬೆಚ್ಚಗಿರುತ್ತದೆ, ಮೇಲೆ ಹಬೆ ಆಡುತ್ತಿರುತ್ತದೆ. ಆದರೆ ನೀರಿನಿಂದ ಎದ್ದ ಮೇಲೆ ಗಾಳಿ ಎಲುಬಿಗೆ ಹೋಗುತ್ತದೆ. ಅದಕ್ಕೆ ಎಣ್ಣೆ ಹಚ್ಚದೆ ಯಾರನ್ನೂ ಬಾವಿಗೆ ಇಳಿಸುವುದಿಲ್ಲ. ನನ್ನವ್ವ ನನಗೆ ಹಚ್ಚಿದಳು, ನಾನು ಮಗನಿಗೆ ಹಚ್ಚಿದೆ. ಇವಳನ್ನು ಮೇಲಿನ ಮೆಟ್ಟಿಲ ಮೇಲೆ ಕೂರಿಸಿ ನೆತ್ತಿಗೆ ಒಂದು ಹಿಡಿ ಸುರಿದು ತಟ್ಟಿದೆ. ಹಣೆ, ಕೆನ್ನೆ, ಕಿವಿಯ ಹಿಂದೆ, ಕುತ್ತಿಗೆ, ಎಲ್ಲ ಕಡೆ ತೀಡಿದೆ.

'ಸಾಕ್ ಆಯಿ, ಕಣ್ಣಾಗ ಇಳ್ಯಾಕತ್ತದ.'

'ಇಳೀಲಿ, ಕಣ್ಣ ತಂಪಾಗ್ತಾವ.'

'ಏ ತಂಗಿ, ಹುಡುಗಿನ ಈಸಾಕ ಬಿಡ್ತಿಯೋ, ಕರ್ಯಾಕ ಬಿಡ್ತಿಯೋ?' ಎಂದ ಅಣ್ಣ ಕೆಳಗಿನ ಮೆಟ್ಟಿಲಿನಿಂದ. ಅವನು ಐದು ಲೀಟರಿನ ಖಾಲಿ ಕ್ಯಾನನ್ನು ಅವಳ ಬೆನ್ನಿಗೆ ಕಟ್ಟಿ, ನಡುವಿಗೆ ಹಗ್ಗ ಬಿಗಿದು, ತುದಿಯನ್ನು ನನ್ನ ಕೈಗೆ ಕೊಟ್ಟ.

ಮೊದಲ ಮೂರು ದಿನ ಅವಳು ಎರಡನೆಯ ಮೆಟ್ಟಿಲು ಬಿಟ್ಟು ಇಳಿಯಲಿಲ್ಲ. ಮಂಡಿಯ ತನಕ ನೀರಿನಲ್ಲಿ ನಿಂತು ಹಲ್ಲು ಕಡಿಯುತ್ತಿದ್ದಳು. ಚಳಿಗೆ ಅಲ್ಲ. ನಾಲ್ಕನೆಯ ದಿನ ಎದೆಯ ತನಕ ಬಂದಳು. ಆರನೆಯ ದಿನ ಕ್ಯಾನಿನ ಮೇಲೆ ಭಾರ ಬಿಟ್ಟು ಅಂಗಾತ ತೇಲಿದಳು, ಎಂಟನೆಯ ದಿನ ಕ್ಯಾನು ಬಿಚ್ಚಿದೆವು. ಕಾಲು ಬಡಿಯುವುದು, ಕೈ ಎಳೆಯುವುದು ಎಲ್ಲ ಬಂತು. ಹೊಲಗಳಲ್ಲಿ ತೊಗರಿ ಕೊಯ್ಲು ನಡೆದಿತ್ತು. ದಾರಿಯಲ್ಲಿ ಹೋಗುವವರು ಇಣುಕಿದರೆ ಅಣ್ಣ 'ಇಲ್ಲೇನ್ ಸಿನಿಮಾ ಹಚ್ಚ್ಯಾರೇನ್ಲೇ?' ಎಂದು ಬೈದು ಕಳಿಸುತ್ತಿದ್ದ.

ಉಳಿದದ್ದು ಮುಖ. ಅದೊಂದಕ್ಕೇ ನಾವು ಬಂದದ್ದು.

ಒಂಬತ್ತನೆಯ ದಿನ ಮೊದಲ ಸಲ ಮಾಸ್ಕು ಹಾಕಿಕೊಂಡಳು. ಕಣ್ಣು ಗಟ್ಟಿಯಾಗಿ ಮುಚ್ಚಿ, ಕೊಳವೆ ಕಚ್ಚಿ, ಮುಖವನ್ನು ನೀರಿಗೆ ಇಟ್ಟಳು. ನಾನು ಹಗ್ಗ ಹಿಡಿದು ಎಣಿಸಿದೆ. ನಲವತ್ತಕ್ಕೆ ಬರುವಷ್ಟರಲ್ಲಿ ಕೆಮ್ಮುತ್ತ ಎದ್ದಳು. ಮಾಸ್ಕಿನ ತುಂಬ ನೀರು. ಮೂಗಿನಲ್ಲಿ ನೀರು. ಮುಖ ಬಿಳುಚಿಹೋಗಿತ್ತು.

ಮಾಸ್ಕನ್ನು ತಲೆಗೆ ಬಿಗಿಯುವ ರಬ್ಬರಿನ ಪಟ್ಟಿ ಸಡಿಲಾಗಿದೆ ಎಂದು ಅಣ್ಣ ಅದನ್ನು ಬಿಗಿ ಮಾಡಿದ. ಮತ್ತೆ ಇಳಿದಳು, ಮತ್ತೆ ನೀರು. ಇನ್ನೂ ಬಿಗಿ ಮಾಡಿದ. ಕಣ್ಣಿನ ಸುತ್ತ ಕೆಂಪು ಗೆರೆ ಬಿತ್ತು, ನೀರು ನಿಲ್ಲಲಿಲ್ಲ. ಹತ್ತನೆಯ ದಿನ ಹಾಗೆ, ಹನ್ನೊಂದನೆಯ ದಿನ ಹಾಗೆ. ನಾನು ಮಾಡಿದ್ದು ಏನು? ದಿನಾ ಬೆಳಿಗ್ಗೆ ಇನ್ನಷ್ಟು ಎಣ್ಣೆ ಹಚ್ಚಿದೆ. ದಿನಾ ಸಂಜೆ ಮಾಸ್ಕಿನ ರಬ್ಬರಿಗೂ ಹಚ್ಚಿದೆ. ಬೇರೆಯವರ ಸಾಮಾನು, ಬಿಸಿಲಿಗೆ ಒಡೆದರೆ ಅವರಿಗೆ ಏನು ಹೇಳುವುದು? ಎತ್ತಿನ ಕೊರಳಪಟ್ಟಿಗೆ ಹಚ್ಚುವ ಹಾಗೆ, ಒಳಗೆ ಹೊರಗೆ ಎರಡೂ ಕಡೆ ತೀಡಿ ಗೂಟಕ್ಕೆ ತೂಗುಹಾಕುತ್ತಿದ್ದೆ. ಜೋಪಾನ ಮಾಡುತ್ತಿದ್ದೇನೆ ಎಂದು ತಿಳಿದಿದ್ದೆ.

ಅವಳು ಹೇಳಿದಳು. ಹೇಳಲಿಲ್ಲ ಎಂದು ನಾನು ಸುಳ್ಳು ಬರೆಯುವುದಿಲ್ಲ. ಹದಿಮೂರನೆಯ ದಿನ ಮೆಟ್ಟಿಲು ಹಿಡಿದು ಏದುಸಿರು ಬಿಡುತ್ತ ಹೇಳಿದಳು: 'ಆಯಿ, ಪಟ್ಟಿ ಜಾರ್ತದ. ಹಿಂದಿಂದ ಮ್ಯಾಲ ಏರ್ತದ.'

ನಾನು ಹೇಳಿದೆ: 'ಜಾರಾಕತ್ತಿದ್ದು ಪಟ್ಟಿ ಅಲ್ಲ ಬೇ, ನಿನ್ನ ಧೈರ್ಯ.'

ಅವಳು ಮತ್ತೆ ಆ ಮಾತು ಎತ್ತಲಿಲ್ಲ. ಅಂಜಬೇಡ, ಅಂಜಿಕೆ ಬಿಡು, ಅಂಜಿದರೆ ಹೇಗೆ ಎಂದು ದಿನಕ್ಕೆ ಎಷ್ಟು ಸಲ ಅಂದೆನೋ ಲೆಕ್ಕವಿಲ್ಲ. ಮಧ್ಯಾಹ್ನ ನಾನು ಅಡ್ಡಾದಾಗ ಅವಳು ಹಿತ್ತಲಿನಲ್ಲಿ ಬಕೆಟ್ಟು ತುಂಬಿಸಿ, ಮಾಸ್ಕಿಲ್ಲದ ಬರೀ ಮುಖವನ್ನು ಅದರಲ್ಲಿ ಮುಳುಗಿಸಿ ಎತ್ತುವುದನ್ನು ಕಿಟಕಿಯಿಂದ ನೋಡಿದೆ. ಎತ್ತಿದ ಮೇಲೆ ಒಲೆಗೆ ಕೊಟ್ಟ ಕೈಯನ್ನು ಹಿಂದೆ ತೆಗೆದವಳ ಹಾಗೆ ಬೆಚ್ಚಿ ಹಿಂದೆ ಸರಿಯುತ್ತಿದ್ದಳು. ಮತ್ತೆ ಮುಳುಗಿಸುತ್ತಿದ್ದಳು. ಇಷ್ಟು ಹಟ ಇರುವವಳು ಅಂಜುಬುರುಕಿ ಹೇಗಾದಾಳು ಎಂದು ಕೇಳಿಕೊಳ್ಳುವ ಬುದ್ಧಿ ನನಗೆ ಬರಲಿಲ್ಲ.

ಪ್ರವಾಸಕ್ಕೆಂದು ಎರಡು ದಿನ ಖಡಕ್ ರೊಟ್ಟಿ ಬಡಿದು ಬಟ್ಟೆಯಲ್ಲಿ ಸುತ್ತಿಟ್ಟೆ, ಶೇಂಗಾ ಚಟ್ನಿ ಕುಟ್ಟಿದೆ. ಅವಳು ಆ ಗಂಟನ್ನು ನೋಡಿ ಮುಖ ತಿರುಗಿಸಿದಳು.

ಶನಿವಾರ ಪರೀಕ್ಷೆ. ಸೋಮವಾರ ಸಂಜೆ ಬಸ್ಸು ಹೊರಡುವುದು. ಶನಿವಾರ ಬೆಳಿಗ್ಗೆ, ಔಷಧಿ ಹಾಕಿದ ನೀರು ಚರ್ಮ ತಿನ್ನುತ್ತದೆ ಎಂದು ಯಾರೋ ಹೇಳಿದ್ದರಿಂದ, ಬಾಟಲಿಯಲ್ಲಿ ಉಳಿದದ್ದರಲ್ಲಿ ಅರ್ಧ ಎಣ್ಣೆಯನ್ನು ಅವಳ ತಲೆಗೆ ಮತ್ತು ಮುಖಕ್ಕೆ ಹಾಕಿದೆ. ಬಿಗಿಯಾಗಿ ಹೆಣೆದೆ. ಬಸ್ಸಿನ ಕಿಟಕಿಯ ಗಾಜಿಗೆ ತಲೆ ಆನಿಸಿದರೆ ಗಾಜಿನ ಮೇಲೆ ಎಣ್ಣೆಯ ಗುರುತು ಉಳಿಯುತ್ತಿತ್ತು.

ಕೊಳದ ಹತ್ತಿರ ಮೇಡಂ ಕುತ್ತಿಗೆಗೆ ಸೀಟಿ ಹಾಕಿಕೊಂಡು, ಕೈಯಲ್ಲಿ ಮೊಬೈಲು ಹಿಡಿದು ನಿಂತಿದ್ದರು. ನಲವತ್ತರ ಹೆಂಗಸು, ತಲೆಗೆ ದುಪಟ್ಟಾ, ಕಾಲಿಗೆ ಬೂಟು. ಒಬ್ಬೊಬ್ಬರನ್ನೇ ಇಳಿಸಿದರು. ಅಂದೋಲಾ ಊರಿನ ಒಬ್ಬ ಹುಡುಗಿ ಎಮ್ಮೆ ಹಾಗೆ ಆರಾಮಾಗಿ ಬಿದ್ದುಕೊಂಡಳು, ಹತ್ತು ನಿಮಿಷ ಆಯಿತು ಎಂದರೂ ಏಳಲಿಲ್ಲ. ನಮ್ಮವಳ ಸರದಿ ಬಂತು. ಮುಖ ಇಟ್ಟಳು. ಒಂದು ನಿಮಿಷ. ಎರಡು ನಿಮಿಷ. ನಾನು ಕಂಬಿ ಹಿಡಿದು ನಿಂತಿದ್ದೆ. ಮೂರನೆಯದರಲ್ಲಿ ಅವಳ ಕೈ ತಲೆಯ ಹಿಂದೆ ಹೋಯಿತು, ಪಟ್ಟಿಯನ್ನು ಕೆಳಗೆ ಎಳೆಯಿತು, ಮತ್ತೆ ಎಳೆಯಿತು. ಆಮೇಲೆ ಇಡೀ ಮೈ ಎದ್ದುಬಂತು. ಅಂಚು ಹಿಡಿದು ಕೆಮ್ಮಿದಳು.

ಮೇಡಂ ಒಳ್ಳೆಯವರು, ಎರಡನೆಯ ಸಲ ಬಿಟ್ಟರು. ಎರಡು ನಿಮಿಷವೂ ಆಗಲಿಲ್ಲ. ಮೂರನೆಯ ಸಲ ಬಿಟ್ಟರು. ಈ ಸಲ ಮಾಸ್ಕು ಪೂರ್ತಿ ಮೂಗಿನ ಕೆಳಗೆ ಬಂದಿತ್ತು. ಮೂಗು ಮೇಲೆತ್ತಿ, ಮೇಲೆತ್ತಿ ಉಸಿರು ಎಳೆದುಕೊಂಡಳು. ಆ ಮೂಗನ್ನು ನಾನು ಮೊದಲು ಎಲ್ಲಿ ನೋಡಿದ್ದೆ ಎಂದು ನನಗೆ ಗೊತ್ತಿತ್ತು.

'ಸಾಕವ್ವಾ, ಮ್ಯಾಲ ಬಾ' ಎಂದರು ಮೇಡಂ. 'ಒಬ್ಬೊಬ್ಬರಿಗೆ ಆಗಂಗಿಲ್ಲ. ಬ್ಯಾಸರ ಮಾಡ್ಕೋಬ್ಯಾಡ. ನಾಳೆ ನಾ ಜೇವರ್ಗ್ಯಾಗ ಮನ್ಯಾಗ ಇರ್ತೇನಿ, ಮಾಸ್ಕ್ ಸೋಮವಾರ ತಂದ್ ಕೊಡು.'

ಆಳಂದದ ಬಸ್ ಸ್ಟ್ಯಾಂಡಿನಲ್ಲಿ ಇಳಿದಾಗ ಹೇಳಿದಳು: 'ಅಪ್ಪಗ ನೀ ಹೇಳ್ಬ್ಯಾಡ. ನಾನೇ ಹೇಳ್ತೇನಿ. ಅಂವ ಅಂದಿದ್ದೇ ಖರೇ ಅಂತ.' ಅಳಲಿಲ್ಲ. ಅತ್ತಿದ್ದರೆ ಬೈಯಬಹುದಿತ್ತು. ನನಗೆ ಬರುವುದು ಅದೊಂದೇ.

ಸಂಜೆ ಹೊತ್ತು ಮುಳುಗುವ ಮೊದಲು ಮಾಸ್ಕನ್ನು ತೊಳೆಯಲು ದನ ನೀರು ಕುಡಿಯುವ ಕಲ್ಲಿನ ದೋಣಿಯ ಹತ್ತಿರ ಒಯ್ದೆ. ವಾಪಸ್ ಕೊಡುವ ಸಾಮಾನು ಹೊಳೆಯಬೇಕು. ದೋಣಿಯ ನೀರಿನಲ್ಲಿ ಅದ್ದಿದೆ. ನೀರಿನ ಮೇಲೆ ಬಣ್ಣಬಣ್ಣದ ಪೊರೆ ಹರಡಿತು. ನೀರು ಕುಡಿಯಲು ಬಂದ ಎಮ್ಮೆ ಮೂಸಿ ನೋಡಿ ಹಿಂದೆ ಸರಿಯಿತು. ರಬ್ಬರನ್ನು ಹಿಡಿದು ಉಜ್ಜಲು ಹೋದರೆ ಬೆರಳಿನಿಂದ ಜಾರಿತು. ಮತ್ತೆ ಹಿಡಿದೆ, ಮತ್ತೆ ಜಾರಿತು.

ಯಾಕೋ ಅದನ್ನು ನನ್ನ ಮುಖಕ್ಕೇ ಹಾಕಿಕೊಂಡೆ. ಇಪ್ಪತ್ತು ದಿನ ಅದು ನನ್ನ ಕೈಯಲ್ಲೇ ಇತ್ತು, ಒಮ್ಮೆಯೂ ಹಾಕಿಕೊಂಡು ನೋಡಿರಲಿಲ್ಲ. ನನ್ನ ತಲೆಗೂ ಎಣ್ಣೆ ಇತ್ತು, ದಿನಾ ಇರುತ್ತದೆ. ಪಟ್ಟಿ ತುರುಬಿನ ಮೇಲಿಂದ ತಾನೇ ನಡುನೆತ್ತಿಗೆ ಏರಿತು. ಗಾಜು ಮೂಗಿನ ಮೇಲೆ ಇಳಿಯಿತು. ಕೆನ್ನೆಯ ಹತ್ತಿರ ಬೆರಳು ತೂರುವಷ್ಟು ಸಂದಿ ಬಿತ್ತು.

ಪಟ್ಟಿ ಜಾರ್ತದ, ಹಿಂದಿಂದ ಮ್ಯಾಲ ಏರ್ತದ. ಅವಳು ಹೇಳಿದ್ದು ಅಕ್ಷರಕ್ಕೆ ಅಕ್ಷರ ಅದೇ.

ನಾನು ದೋಣಿಯ ಕಟ್ಟೆಯ ಮೇಲೆ ಕೂತೆ. ಅಣ್ಣ ನೋಡಿ, 'ಏನ್ ಬೇ, ನೀನೂ ಹೊಂಟಿಯೇನು ಸಮುದ್ರಕ್ಕ?' ಎಂದು ನಗಲು ಶುರು ಮಾಡಿದ. ನಾನು ಎಣ್ಣೆಯ ಬೆರಳು ತೋರಿಸಿದೆ, ಪಟ್ಟಿ ತೋರಿಸಿದೆ. ಅವನ ನಗು ನಿಂತಿತು. 'ನಾ ಬಿಗಿ ಮಾಡೇ ಮಾಡೇನಿ' ಎಂದ ಸಣ್ಣ ದನಿಯಲ್ಲಿ. 'ಬಿಗಿ ಮಾಡ್ದಂಗ ಜಾಸ್ತಿ ಜಾರ್ತದ ಅಂತ ಯಾಂವ ಕಂಡಾನ?'

ಹುಡುಗಿ ಒಳಗೆ ಬಟ್ಟೆಗಳನ್ನು ಮಡಚಿ ಚೀಲಕ್ಕೆ ಹಾಕುತ್ತಿದ್ದಳು. ನಾನು ಬಾಗಿಲಲ್ಲಿ ನಿಂತೇ ಹೇಳಿದೆ. 'ನೀ ಅಂಜಿಲ್ಲ. ನಾ ಎಣ್ಣಿ ಹಚ್ಚೀನಿ, ಅದಕ್ಕ ಜಾರೇದ.'

'ಬಿಡ್ ಆಯಿ.'

'ಬಿಡಾದಲ್ಲ. ಇಲ್ಲಿ ನೋಡಿಲ್ಲಿ.'

'ನಂಗ ಸಮಾಧಾನ ಮಾಡಾಕ ಹೇಳಾಕತ್ತಿ.'

'ನಾ ಯಾವಾಗರ ನಿಂಗ ಸಮಾಧಾನ ಮಾಡೇನೇನ್ ಬೇ?'

ಅವಳು ಸ್ವಲ್ಪ ಯೋಚಿಸಿದಳು. 'ಇಲ್ಲ.'

'ಮತ್ತ?'

'ಅಂಜಿಕಿ ಅಂತ ದಿನಾ ಹೇಳ್ದಾಕಿ ನೀನೇ. ನಾ ನಂಬ್ದೆ. ಈಗ ಒಂದ್ ತಾಸಿನಾಗ ಎಣ್ಣಿ ಅಂತಿ. ಯಾವ್ದು ನಂಬ್ಲಿ ಆಯಿ?'

ಅವಳು ಚೀಲದ ಜಿಪ್ಪು ಎಳೆದು, ಗೋಡೆಯ ಕಡೆ ಮುಖ ಮಾಡಿ ಮಲಗಿದಳು. ಊಟಕ್ಕೆ ಏಳಲಿಲ್ಲ. ನಾನೂ ರೊಟ್ಟಿ ಮುಟ್ಟಲಿಲ್ಲ. ಹೋಗುವವರ ಹೆಸರಿನ ಯಾದಿ ಮುಗಿದಿದೆ, ಸೋಮವಾರ ಬಸ್ಸು ಹೋಗುತ್ತದೆ, ಮುಂದಿನ ಚಳಿಗಾಲಕ್ಕೆ ಅವಳು ಆ ಕಾಲೇಜಿನಲ್ಲಿ ಇರುವುದಿಲ್ಲ. ಬಸ್ಸು ಹೋದರೆ ಹೋಗಲಿ. ಆದರೆ ಒಂದು ಸುಳ್ಳನ್ನು ಅವಳ ತಲೆಯಲ್ಲಿ ನಾನೇ ತೀಡಿ ತೀಡಿ ಕೂರಿಸಿದ್ದೆ. ಅವಳು ಮುದುಕಿಯಾಗುವ ತನಕ ಆಕಾಶ ನೋಡುತ್ತ ತಲೆ ಎರೆಸಿಕೊಳ್ಳುತ್ತಾಳೆ. ಒಮ್ಮೆ ಹಗ್ಗ ಬಿಚ್ಚಲು ಮರೆತವಳು ನಾನು. ಈಗ ಎರಡನೆಯ ಸಲ.

ಮರುದಿನ ಭಾನುವಾರ, ಬೆಳಗಿನ ಮೊದಲ ಬಸ್ಸಿಗೆ ಹೊರಟೆ. ಚೀಲದಲ್ಲಿ ಮಾಸ್ಕು, ಕೊಳವೆ, ಉಳಿದ ಎಣ್ಣೆಯ ಬಾಟಲಿ, ಪಾವು ಕಡಲೆಹಿಟ್ಟು, ಒಂದು ಟವೆಲು. ಹುಡುಗಿ ಮಲಗೇ ಇದ್ದಳು. ಎಲ್ಲಿಗೆ ಎಂದು ಕೇಳಿದ ಅಣ್ಣನಿಗೆ 'ಜೇವರ್ಗಿಗೆ' ಎಂದೆ. 'ಹುಚ್ಚಿ ಅದಿ' ಎಂದ. ಆಳಂದದಲ್ಲಿ ಒಂದು ಬಸ್ಸು ಬದಲು, ಕಲಬುರಗಿಯಲ್ಲಿ ಇನ್ನೊಂದು. ಎಲ್ಲ ಕಡೆ ಆಧಾರ್ ಕಾರ್ಡು ತೋರಿಸಿ ಕೂತೆ. ಜೇವರ್ಗಿಯಲ್ಲಿ ಇಳಿದು ಬಾಳೆಹಣ್ಣಿನ ಬಂಡಿಯವನನ್ನು ಕೇಳಿದೆ: 'ಕಲಬುರಗಿ ಕಾಲೇಜಿನಾಗ ಮೀನ, ಹವಳ ಕಲಸೋ ಮೇಡಂ ಮನೀ ಎಲ್ಲದ?' ಅವನಿಗೆ ಗೊತ್ತಿತ್ತು. 'ಮೀನ್‌ದ ಮೇಡಂ ಏನ್ರಿ? ಆ ಹಸರ ಬಾಗಲಾ' ಎಂದು ಕೈ ತೋರಿಸಿದ.

ಬಾಗಿಲು ತೆರೆದದ್ದು ಮೇಡಂ ಅವರ ಅತ್ತೆ. ನನ್ನ ವಯಸ್ಸಿನವರೇ, ಕೈಯಲ್ಲಿ ತಸಬಿ ಮಣಿ. 'ಕೌನ್? ಯಾರ್ ಬೇಕ್ರಿ ಅಕ್ಕಾ?'

'ಮೇಡಂ ಬೇಕ್ರಿ. ಒಂದ್ ಬಕೆಟ್ ನೀರೂ ಬೇಕ್ರಿ.'

ನನ್ನ ಚೀಲದಿಂದ ಎಣ್ಣೆ, ಹಿಟ್ಟು ಹೊರಗೆ ಬಂದದ್ದನ್ನು ನೋಡಿ ಅವರು ಒಳಗೆ ಕೂಗಿದರು: 'ಬಹೂ, ಯಾರೋ ಅಕ್ಕಾ ಬಂದಾರ ನೋಡು. ಎಣ್ಣಿ ತಂದಾರ, ಕಡ್ಲಿಹಿಟ್ಟ್ ತಂದಾರ. ನಮ್ಮನ್ಯಾಗ ಭಜಿ ಕರೀತಾರಂತ ಕಾಣ್ತದ!'

ಮೇಡಂ ಬಂದರು. ಗುರುತು ಹಿಡಿದರು. ಮುಖ ಸ್ವಲ್ಪ ಗಂಟಾಯಿತು. 'ನೋಡ್ರಿ ಅಮ್ಮಾ, ಹುಡುಗಿ ಸಲುವಾಗಿ ಕೇಳಾಕ ಬಂದಿದ್ರ...'

'ಕೇಳಾಕ ಬಂದಿಲ್ರಿ. ತೋರ್ಸಾಕ ಬಂದೇನಿ. ನಿಂತು ನೋಡ್ರಿ ಅಷ್ಟ.'

ಅಂಗಳದಲ್ಲಿ ಬಕೆಟ್ಟು ಇಡಿಸಿಕೊಂಡೆ. ನನ್ನ ತಲೆಯಲ್ಲಿ ನಿನ್ನೆಯ ಎಣ್ಣೆ ಇತ್ತು, ಮುಖಕ್ಕೂ ಒಂದಿಷ್ಟು ಬಳಿದುಕೊಂಡೆ. ಮಾಸ್ಕು ಹಾಕಿದೆ, ಕೊಳವೆ ಕಚ್ಚಿದೆ, ಮಂಡಿಯೂರಿ ಮುಖವನ್ನು ಬಕೆಟ್ಟಿಗೆ ಇಟ್ಟೆ. ಪಟ್ಟಿ ಸರಸರ ಮೇಲೆ ಏರಿತು. ಮೂಗಿಗೆ ನೀರು ನುಗ್ಗಿತು. ನನಗೆ ಈಸು ಬರುತ್ತದೆ, ಆದರೂ ಜೀವ ಹಾರಿಹೋದ ಹಾಗೆ ಆಯಿತು. ಕೆಮ್ಮುತ್ತ ಎದ್ದೆ. ಅತ್ತೆ ಬೆನ್ನು ಗುದ್ದಿದರು. 'ಯಾ ಅಲ್ಲಾ, ಸಾಯ್ತಾಳ ಇಕಿ!'

'ಇನ್ನ ಅರ್ಧ ಅದ, ತಡೀರಿ.'

ಅವರ ಬಚ್ಚಲಿನಲ್ಲಿ ಕಡಲೆಹಿಟ್ಟು ಹಚ್ಚಿ ತಲೆ ತೊಳೆದೆ, ಮುಖ ತೊಳೆದೆ. ರಬ್ಬರು, ಪಟ್ಟಿ ಎಲ್ಲ ತಿಕ್ಕಿದೆ. ಅತ್ತೆಯವರೇ ಬಿಸಿನೀರು ಸುರಿದರು. ಟವೆಲಿನಲ್ಲಿ ಒರೆಸಿಕೊಂಡು ಬಂದು ಮತ್ತೆ ಮಂಡಿಯೂರಿದೆ. ಮಾಸ್ಕು ಮುಖಕ್ಕೆ ಕಚ್ಚಿ ಕೂತಿತು. ಮುಖ ಇಟ್ಟೆ. ನೀರು ಬರಲಿಲ್ಲ. ಕಣ್ಣು ಬಿಟ್ಟೆ. ಬಕೆಟ್ಟಿನ ತಳ ಕಂಡಿತು. ನೀಲಿ ಪ್ಲಾಸ್ಟಿಕ್ಕಿನ ಮೇಲೆ ಉಜ್ಜಿದ ಗೆರೆಗಳು, ಒಂದು ಅಕ್ಕಿಕಾಳು, ಒಂದು ಕೂದಲು. ಎಲ್ಲ ಕೈಗೆ ಸಿಗುವಷ್ಟು ಹತ್ತಿರ. ಹತ್ತೊಂಬತ್ತು ದಿನ ಬಾವಿಗೆ ಇಳಿದ ಹುಡುಗಿಗೆ ಒಂದು ದಿನವೂ ಇಷ್ಟು ಕಂಡಿರಲಿಲ್ಲ. ಅವಳಿಗೆ ಕಂಡದ್ದು ಬರೀ ಕಣ್ಣಿಗೆ ಸುರಿದ ನೀರು.

ನನ್ನ ಭುಜ ತಟ್ಟಿ ಎಬ್ಬಿಸುವ ತನಕ ನಾನು ಏಳಲಿಲ್ಲ.

ಮೇಡಂ ಹಣೆ ಹಿಡಿದುಕೊಂಡು ಹೊಸ್ತಿಲ ಮೇಲೆ ಕೂತಿದ್ದರು. 'ಎಣ್ಣಿ ಹಚ್ಚಬ್ಯಾಡ ಅಂತ ನಾನಾ ಹೇಳ್ಬೇಕಿತ್ತು. ಈಗಿನ ಹುಡುಗ್ಯಾರ ಯಾರೂ ಹಚ್ಚಂಗಿಲ್ಲ, ನೆನಪೇ ಆಗ್ಲಿಲ್ಲ' ಎಂದರು.

'ನಿಮ್ಮ ತಪ್ಪಲ್ರಿ. ನಂದು.'

ಮೇಡಂ ಹೊಸ್ತಿಲಿನಿಂದ ಎದ್ದರು. 'ನಾಳೆ ಮುಂಜಾನೆ ಏಳಕ್ಕ ಕೊಳಕ್ಕ ಕರ್ಕೊಂಡ್ ಬರ್ರಿ. ಹತ್ತ್ ನಿಮಿಷ ಆದ್ರ ಬಸ್ ಹತ್ಲಿ. ಆಗ್ಲಿಲ್ಲಂದ್ರ ಇಲ್ಲ. ನಿಮ್ಮ ಮುಖ ನೋಡಿ ಪಾಸ್ ಮಾಡಂಗಿಲ್ಲ.'

'ಮಾಡಬ್ಯಾಡ್ರಿ' ಎಂದೆ.

ಅಲ್ಲೇ ನಿಂತು ಅಣ್ಣನಿಗೆ ಫೋನು ಹಚ್ಚಿದೆ. ಬಹಳ ಹೊತ್ತು ಎತ್ತಲಿಲ್ಲ. ಎತ್ತಿದಾಗ ದನಿ ಬಾವಿಯ ಒಳಗಿನಿಂದ ಬಂದ ಹಾಗೆ ಗುಂಯ್ ಅನ್ನುತ್ತಿತ್ತು.

'ಹುಡುಗಿಗೆ ಫೋನ್ ಕೊಡು.'

'ಕೊಡಾಕ ಬರಂಗಿಲ್ಲ.'

'ಯಾಕ? ಏನಾಗೇದ?'

'ಏನೂ ಆಗಿಲ್ಲ. ಎದ್ದಳು, ನೀ ಎಲ್ಲಿ ಅಂದಳು. ಮಾಸ್ಕ್ ತಗೊಂಡ್ ಜೇವರ್ಗಿಗೆ ಹೋಗ್ಯಾಳ ಅಂದೆ. ಸಾಬಾಣ ಹಚ್ಚಿ ಎರಡ್ ಸಲ ತಲಿ ತೊಳ್ಕೊಂಡಳು. ಈಗ ಬಾವ್ಯಾಗ ಅದಾಳ. ಮಾಸ್ಕ್ ಇಲ್ದ ಬರೇ ಮುಖ ನೀರಾಗ ಇಟ್ಟ್ ತೇಲಾಕತ್ತಾಳ. ಉಸರಿಗೆ ಏಳ್ತಾಳ, ಮತ್ತ ಇಡ್ತಾಳ. ಹಗ್ಗ ನನ್ನ ಕೈಯಾಗದ. ಎಣಸಾಕತ್ತೇನಿ, ಮಾತಾಡ್ಸಬ್ಯಾಡ ನೀ.'

ಫೋನು ಇಟ್ಟುಬಿಟ್ಟ.

ನಾನು ಅಂಗಳದಲ್ಲಿ ಒದ್ದೆ ತಲೆಯಲ್ಲೇ ನಿಂತಿದ್ದೆ. ಆಮೇಲೆ ಅತ್ತೆಯವರನ್ನು ಕೇಳಿದೆ: 'ಅಕ್ಕಾ, ಮನ್ಯಾಗ ಶಾಂಪೂ ಅದೇನ್ರಿ?' ಅವರು ಒಳಗಿನಿಂದ ಎರಡು ಪಾಕೀಟು ತಂದು ಕೊಟ್ಟರು. ಮಾಸ್ಕನ್ನು ಟವೆಲಿನಲ್ಲಿ ಸುತ್ತಿ ಚೀಲದಲ್ಲಿ ಇಟ್ಟೆ. ಎಣ್ಣೆಯ ಬಾಟಲಿಯನ್ನು ಮಾತ್ರ ಅವರ ಕೈಯಲ್ಲಿ ಇಟ್ಟು, 'ಭಜಿ ಮಾಡ್ಕೋರಿ' ಎಂದು ಹೇಳಿ, ಕಲಬುರಗಿಯ ಬಸ್ಸು ಹಿಡಿಯಲು ನಡೆದೆ.